ಮಾಲೀಕರಿಲ್ಲದ ಅರವತ್ತು ಯಂತ್ರಗಳು

"ಇದು ಯಾರದ್ದು?" ಎಂದು ಕೇಳುವುದೇ ರೋವೆನಾ ಪಿಕರಿಂಗ್‌ಳ ಉದ್ಯೋಗ. ಆಸ್ಟ್ರೇಲಿಯಾದ ಬ್ರಿಸ್ಬೇನಿನ ಈಗಲ್ ಸ್ಟ್ರೀಟಿನಲ್ಲಿ, ನದಿಗೆ ಮುಖ ಮಾಡಿ ನಿಂತ ಕಟ್ಟಡದ ಹತ್ತೊಂಬತ್ತನೆಯ ಮಹಡಿಯಲ್ಲಿ ಕುಳಿತು, ಬ್ರಾಲ್ಗಾ ಮ್ಯೂಚುಯಲ್ ಎಂಬ ವಿಮಾ ಕಂಪನಿಯ ಸಾವಿರಾರು ನೌಕರರನ್ನು ಅವಳು ದಿನವೂ ಇದೊಂದೇ ಪ್ರಶ್ನೆ ಕೇಳುತ್ತಾಳೆ. ಕೇಳಿ ಕೇಳಿ ಅವಳ ಗಂಟಲು ಒಣಗಿದೆ. ಅವರ ಗಂಟಲಿಗೆ ಮಾತ್ರ ಎಂದೂ ಏನೂ ಆದದ್ದಿಲ್ಲ, ಏಕೆಂದರೆ ಅವರು ಉತ್ತರವನ್ನೇ ಕೊಡುವುದಿಲ್ಲ.

ವಿಷಯ ಇಷ್ಟೇ. ಹಿಂದೆಲ್ಲ ಕಂಪನಿಗೆ ಹೊಸ ಕಂಪ್ಯೂಟರ್ ಬೇಕೆಂದರೆ ಅರ್ಜಿ ಹಾಕಿ, ಅವರಿವರ ಸಹಿ ಮಾಡಿಸಿ, ಪೆಟ್ಟಿಗೆ ಬಂದ ಮೇಲೆ ನೆಲಮಾಳಿಗೆಯಲ್ಲಿ ಜಾಗ ಹುಡುಕಬೇಕಾಗಿತ್ತು. ಈಗ ಎಲ್ಲವೂ ಕ್ಲೌಡ್. ಎಲ್ಲೋ ಇರುವ ಯಾರದೋ ಯಂತ್ರಗಳನ್ನು ಕೂತಲ್ಲಿಂದಲೇ ಬಾಡಿಗೆಗೆ ಹಿಡಿಯಬಹುದು, ಗಂಟೆಗಿಷ್ಟು ಎಂದು. ಹಿಡಿಯಲು ಒಂದು ನಿಮಿಷ ಸಾಕು. ಬಿಡಲೂ ಒಂದೇ ನಿಮಿಷ ಸಾಕು, ಆದರೆ ಆ ಒಂದು ನಿಮಿಷ ಬ್ರಾಲ್ಗಾದಲ್ಲಿ ಯಾರ ಬಳಿಯೂ ಇಲ್ಲ. ಟ್ಯಾಕ್ಸಿ ಹಿಡಿದು ಮನೆಗೆ ಬಂದವನು ಮೀಟರ್ ಓಡುತ್ತಿರುವಂತೆಯೇ ಅದನ್ನು ಗೇಟಿನ ಮುಂದೆ ನಿಲ್ಲಿಸಿ, ಒಳಗೆ ಹೋಗಿ ಹೊದ್ದು ಮಲಗಿದರೆ ಅವನಿಗೆ ತಲೆ ಕೆಟ್ಟಿದೆ ಎನ್ನುತ್ತೇವೆ. ಬ್ರಾಲ್ಗಾದಲ್ಲಿ ಇದನ್ನೇ ಆಧುನೀಕರಣ ಎನ್ನುತ್ತಾರೆ.

ಕ್ರಿಸ್‌ಮಸ್ ಲಾಟರಿಗೆಂದು ಯಾರೋ ಒಂದು ಭಾರೀ ಯಂತ್ರ ಹಿಡಿದಿದ್ದರು. ಲಾಟರಿ ಎತ್ತಿಯಾಯಿತು, ಬಹುಮಾನದ ಹಂದಿತೊಡೆಯನ್ನು ಗೆದ್ದವನು ತಿಂದೂ ಮುಗಿಸಿದ, ಕೆಲಸವನ್ನೂ ಬಿಟ್ಟ. ಯಂತ್ರ ಮಾತ್ರ ಮುಂದಿನ ಕ್ರಿಸ್‌ಮಸ್ಸು, ಅದರ ಮುಂದಿನ ಕ್ರಿಸ್‌ಮಸ್ಸು ಕಳೆದರೂ ಓಡುತ್ತಲೇ ಇತ್ತು. ಅದಕ್ಕೇ ರೋವೆನಾ ಒಂದು ನಿಯಮ ತಂದಿದ್ದಳು. ಯಾವ ಯಂತ್ರ ಹಿಡಿದರೂ 'ಮಾಲೀಕರು' ಎಂಬ ಖಾನೆಯಲ್ಲಿ ಹಿಡಿದವರು ಹೆಸರು ಬರೆಯಬೇಕು, ಬಾಡಿಗೆ ಅವರ ವಿಭಾಗದ ಲೆಕ್ಕಕ್ಕೆ ಹೋಗುತ್ತದೆ. ಜನ ಬರೆದರು, ಇಲ್ಲವೆನ್ನುವಂತಿಲ್ಲ. ಕೆಲವರು ಒಂದು ಚುಕ್ಕೆ ಇಟ್ಟರು. ಕೆಲವರು 'ಆಮೇಲೆ ಹೇಳ್ತೀನಿ' ಎಂದು ಬರೆದರು. ಒಬ್ಬ ಮಹಾನುಭಾವ ತನ್ನ ನಾಯಿಯ ಹೆಸರು ಬರೆದಿದ್ದ. ರೋವೆನಾ ಆ ನಾಯಿಗೆ ಎರಡು ನೋಟಿಸು ಕಳಿಸಿದ ಮೇಲೆ ಅದು ನಾಯಿ ಎಂದು ಗೊತ್ತಾಯಿತು.

ಈ ಹೋರಾಟದಲ್ಲಿ ಅವಳ ಜೊತೆಗಿದ್ದವಳು ಒಬ್ಬಳೇ, ಲೋಸಾ ತುಯಿಮಾವೇ. ಸಮೋವಾ ಮೂಲದ ಮನೆತನ, ಬ್ರಿಸ್ಬೇನಿನದೇ ಬಡಾವಣೆ ಇನಾಲಾದಲ್ಲಿ ಹುಟ್ಟಿ ಬೆಳೆದವಳು, ಮೂವತ್ತನಾಲ್ಕರ ಗಟ್ಟಿ ಹೆಂಗಸು. ನಕ್ಕರೆ ಆಚೆ ಸಾಲಿನವರು ಹೆಡ್‌ಫೋನ್ ತೆಗೆದು ನೋಡುತ್ತಿದ್ದರು. ನಾಲ್ಕು ವರ್ಷದಿಂದ ರೋವೆನಾಳ ಪಕ್ಕದ ಮೇಜಿನಲ್ಲಿದ್ದರೂ ಅವಳು ಗುತ್ತಿಗೆಯವಳು. ಮೂರು ಮೂರು ತಿಂಗಳಿಗೊಮ್ಮೆ ಗುತ್ತಿಗೆ ಮುಂದುವರಿಯುತ್ತಿತ್ತು. ಪ್ರತಿ ಸಲವೂ ಕೊನೆಯ ವಾರದವರೆಗೆ ಉಸಿರು ಹಿಡಿದು ಕೂರಬೇಕು. ರಜೆಯಿಲ್ಲ, ಕಾಯಿಲೆ ಬಿದ್ದರೆ ಸಂಬಳವಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಹಣಕಾಸಿನ ಮುಖ್ಯಸ್ಥ ಡರ್ಮಟ್ ಕ್ವಿಲ್ಟಿ ರೋವೆನಾಳನ್ನು ಕರೆದ. ಡರ್ಮಟ್ ದಿನವೂ ಟೂವಾಂಗಿನಿಂದ ಸೈಕಲ್ ತುಳಿದು ಬರುತ್ತಾನೆ, ಒಂಬತ್ತು ಗಂಟೆಯ ಮೀಟಿಂಗಿಗೆ ಆ ಮೈಗಂಟಿದ ಸೈಕಲ್ ಬಟ್ಟೆಯಲ್ಲೇ ಕೂರುತ್ತಾನೆ. ಎಲ್ಲಿ ನೋಡಬೇಕೆಂದು ಯಾರಿಗೂ ತಿಳಿಯುವುದಿಲ್ಲ.

"ಕ್ಲೌಡ್ ಬಿಲ್ ಐದರಲ್ಲೊಂದು ಪಾಲು ಇಳೀಬೇಕು ರೋವೆನಾ. ಜೂನ್ ಮುಗಿಯೋದ್ರೊಳಗೆ," ಎಂದ.

"ಇಳಿಸ್ತೀನಿ. ಅದಕ್ಕೆ ನನಗೇನು ಕೊಡ್ತೀಯ?"

"ಬೆನ್ನು ತಟ್ತೀನಿ."

"ಬೆನ್ನು ನನ್ನದು ಸರಿಯಾಗೇ ಇದೆ. ಲೋಸಾನ ಕಾಯಂ ಮಾಡು."

ಡರ್ಮಟ್ ನೀರಿನ ಬಾಟಲಿಯಿಂದ ಒಂದು ಗುಟುಕು ಕುಡಿದ. "ಐದರಲ್ಲೊಂದು ಪಾಲು ಇಳಿದ್ರೆ ಕಾಯಂ. ಇಳೀಲಿಲ್ಲಾಂದ್ರೆ, ನೋಡು, ಅವಳ ಗುತ್ತಿಗೆ ಮುಂದುವರ್ಸೋಕೂ ದುಡ್ಡಿರಲ್ಲ. ಮೊದಲೇ ಹೇಳಿಬಿಡ್ತಿದೀನಿ, ಆಮೇಲೆ ನನ್ನ ಬೈಬೇಡ."

ರೋವೆನಾ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಆದರೆ ಲಿಫ್ಟಿನಿಂದ ಇಳಿಯುತ್ತಲೇ ಲೋಸಾಗೆ ಹೇಳಿಬಿಟ್ಟಳು. ಲೋಸಾ ತನ್ನ ತಾಯಿಗೆ ಹೇಳಿದಳು. ಮುಂದಿನ ಭಾನುವಾರ ಚರ್ಚ್ ಮುಗಿದ ಮೇಲಿನ ಊಟಕ್ಕೆ ರೋವೆನಾಳನ್ನು ಇನಾಲಾಕ್ಕೆ ಕರೆಸಿಕೊಂಡರು. ಟಾರೋ ಗಡ್ಡೆ, ತೆಂಗಿನಹಾಲಿನಲ್ಲಿ ಬೇಯಿಸಿದ ಸೊಪ್ಪು, ಹಂದಿಮಾಂಸ, ಮೇಜಿನ ಸುತ್ತ ಹದಿನೈದಿಪ್ಪತ್ತು ಜನ. ಊಟಕ್ಕೆ ಮುಂಚೆ ಲೋಸಾಳ ತಾಯಿ ಕಣ್ಣು ಮುಚ್ಚಿ, ಮಗಳಿಗೆ ಕಾಯಂ ಕೆಲಸ ಕೊಡಿಸಿದ್ದಕ್ಕಾಗಿ ಮೊದಲು ದೇವರಿಗೆ, ಆಮೇಲೆ ರೋವೆನಾಗೆ ವಂದನೆ ಹೇಳಿದಳು. ಇನ್ನೂ ಆಗಿಲ್ಲ ಎಂದು ಹೇಳಲು ರೋವೆನಾಗೆ ನಾಲಿಗೆ ಏಳಲಿಲ್ಲ. ಕೊಡಿಸಲೇಬೇಕೆಂದು ಅಲ್ಲಿಯೇ ನಿಶ್ಚಯಿಸಿಕೊಂಡಳು.

ಇಬ್ಬರೂ ಟೊಂಕ ಕಟ್ಟಿ ನಿಂತರು. ಸಣ್ಣಪುಟ್ಟದ್ದೆಲ್ಲ ಸಿಕ್ಕಿತು. ಲಾಟರಿಯ ಯಂತ್ರ ಹೋಯಿತು, ನಾಯಿಯ ಯಂತ್ರ ಹೋಯಿತು. ಆದರೂ ಐದರಲ್ಲೊಂದು ಪಾಲು ದೂರವೇ ಉಳಿಯಿತು. ಆಗ ಕಣ್ಣಿಗೆ ಬಿದ್ದದ್ದು ಆ ಅರವತ್ತು ಯಂತ್ರಗಳ ಗುಂಪು. ಹೆಸರಿಗೆ ಅಂಕೆ ಅಕ್ಷರಗಳ ಒಂದು ಸಾಲು, ಅದರಿಂದ ತಲೆಬುಡ ತಿಳಿಯುವಂತಿರಲಿಲ್ಲ. ಹಗಲೂ ರಾತ್ರಿ ಓಡುತ್ತಿದ್ದವು, ಮಾಡುತ್ತಿದ್ದದ್ದು ಮಾತ್ರ ಏನೂ ಇಲ್ಲ. ಕಳೆದ ತೊಂಬತ್ತು ದಿನದ ಕೆಲಸದ ಗೆರೆಚಿತ್ರ ತೆಗೆದು ನೋಡಿದರೆ ನೆಲಕ್ಕಂಟಿದ ಒಂದು ಗೆರೆ. ಅವುಗಳ ಬಾಡಿಗೆಯಲ್ಲಿ ಲೋಸಾಳಂಥ ಐದು ಜನರನ್ನು ಸಾಕಬಹುದಿತ್ತು. ಮಾಲೀಕರು ಎಂಬಲ್ಲಿ 'ಗ್ಯಾವ್' ಎಂದಷ್ಟೇ ಇತ್ತು.

"ಗ್ಯಾವ್ ಅಂದ್ರೆ ಯಾರು?" ಎಂದು ರೋವೆನಾ ಕೇಳಿದಳು.

"ಕಂಪನೀಲಿ ನಾಲ್ಕು ಜನ ಗ್ಯಾವಿನ್ ಇದಾರೆ," ಎಂದಳು ಲೋಸಾ. "ಒಬ್ಬ ಕಾರ್ ಪಾರ್ಕಿಂಗ್ ನೋಡ್ಕೋತಾನೆ. ಒಬ್ಬ ವಕೀಲ. ಒಬ್ಬನಿಗೆ ಕ್ಲೌಡ್ ಅಂದ್ರೆ ಮಳೆ ಬರೋದು ಅಂತ ಗೊತ್ತು. ನಾಲ್ಕನೆಯವನು ಪರ್ತ್‌ನಲ್ಲಿದಾನೆ, 'ನಂದಲ್ಲ, ಆದ್ರೆ ಮುಟ್ಬೇಡಿ' ಅಂತ ಬರ್ದಿದಾನೆ."

"ಅವಂದಲ್ಲ ಅಂದ್ಮೇಲೆ ಮುಟ್ಟಿದ್ರೆ ಅವನಿಗೇನಂತೆ?"

"ಕೇಳ್ದೆ. ಹೆಬ್ಬೆಟ್ಟು ಕಳಿಸಿದಾನೆ."

ಇದು ಇನ್ನೊಂದು ಪಿಡುಗು. 'ಇದು ಯಾರದ್ದು' ಎಂದು ಕೇಳಿದರೆ ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಾರೆ. ಓದಿದೆ ಎಂದೋ, ನಂದೇ ಎಂದೋ, ನಿನಗೆ ಒಳ್ಳೆಯದಾಗಲಿ ಎಂದೋ, ಅರ್ಥ ಮಾಡಿಕೊಳ್ಳುವುದು ಕೇಳಿದವರ ಕರ್ಮ. ರೋವೆನಾ ಆ ಅಂಕೆ ಅಕ್ಷರಗಳ ಸಾಲನ್ನು ಬರೆದು, ಇದು ಯಾರದ್ದೆಂದು ಇಡೀ ಕಂಪನಿಗೆ ಎರಡು ಸಲ ಮೇಲ್ ಕಳಿಸಿದಳು. ಮುನ್ನೂರು ಜನರಿಂದ, ರಜೆಯಲ್ಲಿದ್ದೇವೆ ಎಂದು ತಾನಾಗಿ ಹೋಗುವ ಉತ್ತರ ಬಂತು. 'ಒಳ್ಳೆಯ ಪ್ರಶ್ನೆ!' ಎಂದು ಬರೆದವರು ಹದಿಮೂರು ಮಂದಿ. ಒಬ್ಬಳು ಅದೇ ಮೇಲಿಗೆ ಉತ್ತರವಾಗಿ ಇಡೀ ಕಂಪನಿಗೆ, ಫ್ರಿಜ್ಜಿನಲ್ಲಿಟ್ಟ ತನ್ನ ಮೊಸರು ಕದ್ದವರು ಯಾರೆಂದು ಕೇಳಿದಳು. ಅದಕ್ಕೆ ಕಾಲು ಗಂಟೆಯೊಳಗೆ ನಲವತ್ತು ಉತ್ತರ ಬಂದವು. ರೋವೆನಾ ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಳು.

"ಬಿಡು ಮಾರಾಯ್ತಿ," ಎಂದಳು ಲೋಸಾ. "ಕೇಳಿ ಸಾಕಾಯ್ತು. ಕಿರುಚಿಸೋಣ."

ಈ ಕಸುಬಿನವರಲ್ಲಿ ಇದೊಂದು ಪದ್ಧತಿ. ಯಂತ್ರ ಯಾರದ್ದೆಂದು ಎಷ್ಟು ಕೇಳಿದರೂ ಗೊತ್ತಾಗದಿದ್ದಾಗ ಅದನ್ನು ಆಫ್ ಮಾಡಿ ಸುಮ್ಮನೆ ಕೂರುವುದು. ಯಾರು ಕಿರುಚಿಕೊಂಡು ಓಡಿ ಬರುತ್ತಾರೋ ಅವರೇ ಮಾಲೀಕರು. ಇದಕ್ಕೆ ಕಿರುಚು ಪರೀಕ್ಷೆ ಎಂದೇ ಹೆಸರು. ಯಾರೂ ಕಿರುಚದಿದ್ದರೆ ಯಾರಿಗೂ ಬೇಡವಾದದ್ದೆಂದು ಅರ್ಥ, ಅಳಿಸಿ ಹಾಕಬಹುದು. ಮರ್ಯಾದಸ್ಥರ ದಾರಿಯಲ್ಲ, ಆದರೆ ಮರ್ಯಾದೆಯಾಗಿ ಕೇಳಿದ್ದಕ್ಕೆ ಸಿಕ್ಕಿದ್ದು ಹೆಬ್ಬೆಟ್ಟು ತಾನೇ.

ಜೂನ್ ಮೊದಲ ವಾರ ಅರವತ್ತನ್ನೂ ಆಫ್ ಮಾಡಿದರು. ಇಬ್ಬರೂ ಫೋನನ್ನು ನೋಡುತ್ತ ಕೂತರು. ಮಧ್ಯಾಹ್ನ ಒಮ್ಮೆ ಫೋನ್ ಹೊಡೆದುಕೊಂಡಾಗ ಲೋಸಾ ಕುರ್ಚಿಯಿಂದಲೇ ಎದ್ದುಬಿಟ್ಟಳು, ಅದು ಮೊಸರಿನವಳು. ಮರುದಿನ ಯಾರೂ ಕಿರುಚಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು, ತುಟಿ ಪಿಟಕ್ಕೆಂದವರಿಲ್ಲ. ಡರ್ಮಟ್ ಖುಷಿಯಾಗಿ ನಿರ್ದೇಶಕರ ಮಂಡಳಿಗೆ ಸುದ್ದಿ ಮುಟ್ಟಿಸಿದ. ಮಂಡಳಿ ಒಪ್ಪಿಗೆ ಕೊಟ್ಟಿತು. ಜೂನ್ ಕೊನೆಯ ಶುಕ್ರವಾರ ಮಧ್ಯಾಹ್ನ, ಮಾಲೀಕರೆಂದು ಈಗಿನ ನೌಕರರ ಹೆಸರಿಲ್ಲದ್ದೆಲ್ಲ ತಾನಾಗಿ ಅಳಿದುಹೋಗುವುದು ಎಂದು ನಿಗದಿಯಾಯಿತು.

ಅಳಿಸಲೇಬೇಕಾಗಿತ್ತು. ಆಫ್ ಮಾಡಿದರೆ ಓಡುವ ಬಾಡಿಗೆ ನಿಲ್ಲುತ್ತದೆ, ಒಳಗೆ ತುಂಬಿಟ್ಟದ್ದರ ಬಾಡಿಗೆ ನಿಲ್ಲುವುದಿಲ್ಲ. ಈ ಅರವತ್ತರ ಹೊಟ್ಟೆಯಲ್ಲಿ ಏನೇನು ತುಂಬಿತ್ತೋ, ಆ ಬಾಡಿಗೆಯೂ ಸಣ್ಣದಲ್ಲ. ಅದೂ ಹೋದರೆ ಮಾತ್ರ ಐದರಲ್ಲೊಂದು ಪಾಲು ತುಂಬುತ್ತಿತ್ತು. ತುಂಬಿದರೆ ಸೋಮವಾರ, ಜುಲೈ ಒಂದು, ಅಲ್ಲಿನ ಹೊಸ ಹಣಕಾಸು ವರ್ಷದ ಮೊದಲ ದಿನ, ಲೋಸಾ ಕಾಯಂ. ತುಂಬದಿದ್ದರೆ ಜೂನಿಗೇ ಅವಳ ಗುತ್ತಿಗೆ ಮುಗಿಯಿತು. ಅವಳ ಕಾಗದ ಡರ್ಮಟ್‌ನ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಆ ಶುಕ್ರವಾರ ಬೆಳಿಗ್ಗೆ ರೋವೆನಾ ಮಂಡಳಿಗೆ ಕೊಡುವ ವರದಿಗಾಗಿ ಚಿತ್ರ ತೆಗೆಯುತ್ತಿದ್ದಳು. ಅವಳು ದಿನವೂ ನೋಡುವ ಪರದೆ ಕಳೆದ ತೊಂಬತ್ತು ದಿನವನ್ನಷ್ಟೇ ತೋರಿಸುತ್ತದೆ. ಎಲ್ಲರೂ ಅದನ್ನೇ ನೋಡುವುದು, ಅದಕ್ಕಿಂತ ಹಿಂದೆ ಹೋಗಿ ನೋಡುವಷ್ಟು ಪುರುಸೊತ್ತು ಯಾರಿಗಿದೆ. ಮಂಡಳಿಯವರಿಗೆ ಉದ್ದನೆಯ ಗೆರೆ ಕಂಡರೆ ಸಂತೋಷವಾದೀತೆಂದು ಅವಳು ಎರಡು ವರ್ಷ ಎಂದು ಒತ್ತಿದಳು.

ಗೆರೆ ನೆಲಕ್ಕಂಟಿತ್ತು, ಒಂದು ಜಾಗ ಬಿಟ್ಟು. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಒಂದು ರಾತ್ರಿ ಅದು ಚಿತ್ರದ ನೆತ್ತಿಗೆ ಮುಟ್ಟಿ ನಿಂತಿತ್ತು. ಅರವತ್ತಕ್ಕೆ ಅರವತ್ತೂ ಉಸಿರು ಬಿಡದೆ ದುಡಿದಿದ್ದವು, ಮೂರು ದಿನ.

ತಾರೀಖು ನೋಡಿ ರೋವೆನಾ ಮೌಸಿನಿಂದ ಕೈ ತೆಗೆದಳು. ಆ ರಾತ್ರಿ ಅವಳಿಗೆ ನಿದ್ದೆ ಇರಲಿಲ್ಲ. ಚಂಡಮಾರುತ ಉತ್ತರದ ಕರಾವಳಿಯ ಇನ್ನಿಸ್‌ಫೇಲಿನ ಮೇಲೆ ಹಾದುಹೋದ ರಾತ್ರಿ ಅದು, ಅವಳ ಅಕ್ಕ ವೆಂಡಿ ಬಚ್ಚಲುಮನೆಯಲ್ಲಿ ಹಾಸಿಗೆಯಡಿ ಮುದುಡಿ ಕೂತಿದ್ದಳು, ಅಡುಗೆಮನೆಯ ಮಾಡು ಹಾರಿಹೋಗಿತ್ತು. ಬೆಳಗಾಗುವ ಮುಂಚೆ ಅಕ್ಕ ಮೊದಲು ಫೋನ್ ಮಾಡಿದ್ದು ತಂಗಿಗಲ್ಲ, ವಿಮಾ ಕಂಪನಿಗೆ. "ಎರಡನೇ ರಿಂಗಿಗೇ ಎತ್ತಿದ್ರು ಕಣೇ ನಿಮ್ಮೋರು," ಎಂದು ಆಮೇಲೆ ಹೇಳಿದ್ದಳು. "ನನ್ನ ಮನೆ ಯಾವುದು, ಮಾಡು ಎಂಥದ್ದು, ಎಲ್ಲ ಅವರ ಕಣ್ಣ ಮುಂದೇ ಇತ್ತು. ಮಧ್ಯಾಹ್ನದೊಳಗೆ ಟಾರ್ಪಾಲಿನ್ ಹೊದಿಸೋಕೆ ಜನ ಬಂದ್ರು." ಆ ಮಾತನ್ನು ರೋವೆನಾ ಕಚೇರಿಯಲ್ಲಿ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ್ದಳು.

ಅವಳು ಟೌನ್ಸ್‌ವಿಲ್ಲಿನ ಶಾಖೆಗೆ ಫೋನ್ ಮಾಡಿದಳು. ಎತ್ತಿದವಳು ನೊರೀನ್, ಉತ್ತರದ ಕಡೆಯ ಪರಿಹಾರದ ಅರ್ಜಿಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕಿ. ರೋವೆನಾ ಆ ಅಂಕೆ ಅಕ್ಷರಗಳನ್ನು ಓದಿ ಹೇಳಿದಾಗ ನೊರೀನಳಿಗೆ ಏನೂ ತಿಳಿಯಲಿಲ್ಲ.

"ಗ್ಯಾವ್ ಅಂತ ಯಾರಾದ್ರೂ ಗೊತ್ತಾ ನಿಮಗೆ?" ಎಂದಳು ರೋವೆನಾ ಕೊನೆಗೆ.

"ಗ್ಯಾವಾ? ಅಯ್ಯೋ, ಗ್ಯಾವ್ ಮೆಕ್‌ಕ್ರೋಸನ್! ಅವನು ಬಿಟ್ಟು ಎರಡು ವರ್ಷದ ಮೇಲಾಯ್ತು, ದೋಣಿ ತಗೊಂಡು ಬೋವನ್ ಕಡೆ ಹೋದ. ಯಾಕೆ, ಅವನ ಪೆಟ್ಟಿಗೆ ವಿಷಯಾನಾ?"

"ಪೆಟ್ಟಿಗೆ?"

"ನಾವು ಹಾಗೇ ಅನ್ನೋದು. ಚಂಡಮಾರುತದ ಪೆಟ್ಟಿಗೆ. ಒಂದು ಸಲ ಗಾಳಿ ಹೊಡೆದ ರಾತ್ರಿ ಒಂದೇ ಏಟಿಗೆ ಸಾವಿರಗಟ್ಟಲೆ ಫೋನ್ ಬಂದು ನಮ್ಮದೆಲ್ಲ ಮಕಾಡೆ ಮಲಗ್ತು. ಮಾಡು ಹಾರಿಹೋದ ಜನ ಮಳೇಲಿ ನಿಂತ್ಕೊಂಡು ಮೂರು ಮೂರು ಗಂಟೆ ಫೋನಲ್ಲಿ ಕಾಯಿಸೋ ಆ ದರಿದ್ರ ಸಂಗೀತ ಕೇಳಿದ್ರು. ಆಮೇಲೆ ಗ್ಯಾವ್ ಇದನ್ನ ಕಟ್ಟಿದ. ಉತ್ತರದಲ್ಲಿ ನಮ್ಮ ಹತ್ರ ವಿಮೆ ಮಾಡಿಸಿರೋ ಒಂದೊಂದು ಮನೇನೂ ಇದೆ ಅದರಲ್ಲಿ, ಫೋಟೋ, ನಕ್ಷೆ, ಮಾಡಿಗೆ ಯಾವ ತಗಡು, ಎಲ್ಲ. ತುಂಬೋಕೇ ಒಂದು ವರ್ಷ ಹಿಡೀತು. ಏನಾಯ್ತು ಅದಕ್ಕೆ?"

"ಆಫ್ ಮಾಡಿದ್ವಿ. ಮೂರು ವಾರ ಆಯ್ತು. ಯಾರೂ ಕಿರುಚಲಿಲ್ಲ."

"ಜೂನಲ್ಲಿ ಯಾರು ಕಿರುಚ್ತಾರೆ?" ಎಂದಳು ನೊರೀನ್. "ಹೊರಗೆ ನೋಡಿ, ಚಳಿಗಾಲ, ಆಕಾಶದಲ್ಲಿ ಒಂದು ಮೋಡ ಇಲ್ಲ. ನಾವು ಕಿರುಚೋದು ಫೆಬ್ರವರೀಲಿ."

ರೋವೆನಾಗೆ ಒಮ್ಮೆಲೇ ಸಿಟ್ಟು ಬಂತು. "ನಾನು ಇಡೀ ಕಂಪನಿಗೆ ಮೇಲ್ ಹಾಕಿದ್ದೆ ನೊರೀನ್! ಎರಡು ಸಲ! ನೋಡ್ಲಿಲ್ವಾ?"

"ನೋಡ್ದೆ. ಬರೀ ಅಂಕೆ ಅಕ್ಷರ ಇತ್ತು. 'ಚಂಡಮಾರುತದ ಪೆಟ್ಟಿಗೆ' ಅಂತ ಒಂದು ಮಾತು ಬರ್ದಿದ್ರೆ ಆ ಕ್ಷಣವೇ ಹೇಳ್ತಿದ್ದೆ."

"ನನಗೆ ಗೊತ್ತಿದ್ರೆ ತಾನೇ ಬರೆಯೋಕೆ! ಹೋಗ್ಲಿ. ಈಗ ಮಾಲೀಕರು ಅನ್ನೋ ಕಡೆ ನಿಮ್ಮ ಹೆಸರು ಹಾಕ್ಲಾ? ಹಾಕಿದ್ರೆ ಉಳಿಯುತ್ತೆ."

"ಬಾಡಿಗೆ ಯಾರ ತಲೆಗೆ?"

"ನಿಮ್ಮ ಶಾಖೆಗೆ."

ನೊರೀನ್ ನಕ್ಕಳು, ಖುಷಿಯ ನಗುವಲ್ಲ. "ನನ್ನ ಕೈಲಿರೋ ಬಜೆಟ್ಟಲ್ಲಿ ಟೀ ಪುಡಿ ತರಿಸಬಹುದು, ಅಷ್ಟೇ. ನಮ್ಮ ಮುಖ್ಯಸ್ಥನ್ನ ಕೇಳ್ಬೇಕು. ಅವನು ಚಳಿ ಅಂತ ಇಟಲಿಗೆ ಹೋಗಿದಾನೆ. ಜುಲೈ ಕೊನೇಗೆ ಬರ್ತಾನೆ."

ಇಟಲಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮೇಲಿಗೆ, ರಜೆಯಲ್ಲಿದ್ದೇನೆ, ತುರ್ತಿದ್ದರೆ ನೊರೀನಳನ್ನು ಕೇಳಿ ಎಂದು ಉತ್ತರ ಬಂತು. ಕ್ಲೌಡ್ ನೋಡಿಕೊಳ್ಳುವ ತಾಂತ್ರಿಕ ವಿಭಾಗದವರನ್ನು ಕೇಳಿದಳು. ನಾವು ಓಡಿಸುವವರಷ್ಟೇ, ಮಾಲೀಕರಲ್ಲ ಎಂದರು. ಫೋನ್ ವ್ಯವಸ್ಥೆಯವರು ಕೈ ಎತ್ತಿದರು. ಒಂದು ಬೆಳಗಿನಲ್ಲಿ ರೋವೆನಾ ಏಳು ಜನರ ಬಾಗಿಲು ತಟ್ಟಿದಳು. ಅದು ಬಹಳ ಮುಖ್ಯ, ದಯವಿಟ್ಟು ಅಳಿಸಬೇಡಿ ಎಂದರು ಏಳೂ ಜನ. ಹೆಸರು ಹಾಕಲೇ ಎಂದು ಕೇಳಿದಾಗ ಏಳಕ್ಕೆ ಏಳೂ ಜನ ಹಿಂದೆ ಸರಿದರು. ಒಬ್ಬ ಮಾತ್ರ, "ಯಾವುದಾದ್ರೂ ಗ್ಯಾವ್ ಸಿಕ್ತಾನಾ ನೋಡು," ಎಂದು ತಮಾಷೆ ಮಾಡಿದ. ಅವನ ಕೈಲಿದ್ದ ಕಾಫಿಯನ್ನು ಅವನ ತಲೆಯ ಮೇಲೇ ಸುರಿಯಬೇಕೆನಿಸಿತು ಅವಳಿಗೆ.

ಸುಮ್ಮನಿದ್ದುಬಿಟ್ಟರೆ ಆಗುತ್ತಿತ್ತು. ಆ ಎರಡು ವರ್ಷದ ಚಿತ್ರವನ್ನು ನೋಡಿದವಳು ಅವಳೊಬ್ಬಳೇ. ನೊರೀನಳ ಜೊತೆ ಮಾತಾಡಿದ್ದು ಹೌದು, ಆದರೆ ಹೊತ್ತು ಮೀರಿಹೋಗಿತ್ತು ಎಂದು ಹೇಳಿದರೆ ಯಾರೂ ಕೇಳುತ್ತಿರಲಿಲ್ಲ. ಇಂಥ ಮಾತನ್ನು ಆ ಕಟ್ಟಡದಲ್ಲಿ ದಿನವೂ ಹೇಳುತ್ತಾರೆ, ಹೇಳಿ ಬಡ್ತಿಯನ್ನೂ ಪಡೆಯುತ್ತಾರೆ. ರೋವೆನಾ ಕಾಫಿ ಯಂತ್ರದ ಮುಂದೆ ನಿಂತು ಈ ಯೋಚನೆಯನ್ನು ಪೂರ್ತಿಯಾಗಿ ಮಾಡಿದಳು, ನಾಚಿಕೆಯಿಲ್ಲದೆ ಮಾಡಿದಳು. ಆಮೇಲೆ ಡರ್ಮಟ್‌ನ ಕೋಣೆಗೆ ಹೋದಳು.

ಡರ್ಮಟ್ ಎಲ್ಲವನ್ನೂ ಕೇಳಿದ. ಅವಸರದ ಮನುಷ್ಯನಾದರೂ ಮಧ್ಯೆ ಬಾಯಿ ಹಾಕಲಿಲ್ಲ, ಅದೊಂದು ಅವನ ಒಳ್ಳೆಯ ಗುಣ.

"ಸರಿ. ಮಾಲೀಕರು ಬಂದ್ರೆ ಬಿಟ್ಟುಬಿಡೋಣ," ಎಂದ.

"ಮಾಲೀಕ ಇಟಲೀಲಿದಾನೆ."

"ಹಾಗಾದ್ರೆ ಮಾಲೀಕ ಇಲ್ಲ."

"ಒಂದು ತಿಂಗಳು ಮುಂದಕ್ಕೆ ಹಾಕು ಡರ್ಮಟ್. ಆಫ್ ಆಗೇ ಇರ್ಲಿ, ಅಳಿಸೋದು ಬೇಡ. ಚಂಡಮಾರುತದ ಕಾಲಕ್ಕೆ ನವೆಂಬರ್‌ನಲ್ಲಿ ಆನ್ ಮಾಡಿ ಮೇ ತಿಂಗಳಲ್ಲಿ ಆಫ್ ಮಾಡಿದ್ರೆ ಓಡೋ ಬಾಡಿಗೇಲಿ ಅರ್ಧ ಉಳಿಯುತ್ತೆ. ಅರ್ಧ! ಇಷ್ಟು ವರ್ಷ ಬೇಸಿಗೆ ಚಳಿ ಅನ್ನದೆ ಓಡಿಸಿದ್ರಲ್ಲ, ಅದೇ ಹುಚ್ಚು."

"ಅರ್ಧ ಅಂತ ನಾನು ಮಂಡಳಿಗೆ ಹೇಳಿಲ್ಲ. ಪೂರ್ತಿ ಅಂತ ಹೇಳಿದೀನಿ. ಈ ವರ್ಷದ ಲೆಕ್ಕ ಇವತ್ತು ಮುಚ್ಚುತ್ತೆ."

"ಫೆಬ್ರವರೀಲಿ ಚಂಡಮಾರುತ ಬಂದ್ರೆ?"

"ಫೆಬ್ರವರಿ ಮುಂದಿನ ವರ್ಷದ ಬಜೆಟ್ಟು ರೋವೆನಾ."

ಅವಳು ಅವನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಹೀಗೆ ಹೇಳುವುದಕ್ಕೇ ಅವನಿಗೆ ಸಂಬಳ ಕೊಡುತ್ತಿದ್ದರು.

"ನನ್ನ ಅಕ್ಕ ಇರೋದು ಇನ್ನಿಸ್‌ಫೇಲಲ್ಲಿ," ಎಂದಳು.

ಡರ್ಮಟ್ ತುಸು ಮೆತ್ತಗಾದ. "ನಿಯಮ ಮಾಡಿದೋಳು ನೀನೇ. ಹೆಸರಿದ್ರೆ ಉಳಿಯುತ್ತೆ, ಇಲ್ದಿದ್ರೆ ಹೋಗುತ್ತೆ. ಅಷ್ಟು ಸಂಕಟ ಆದ್ರೆ ನಿನ್ನ ಹೆಸರೇ ಹಾಕ್ಕೋ, ಯಾರು ಬೇಡ ಅಂದ್ರು? ಆದ್ರೆ ಬಾಡಿಗೆ ನಿನ್ನ ವಿಭಾಗಕ್ಕೆ ಬರುತ್ತೆ. ಲೋಸಾ ಸಂಬಳಾನೂ ಅಲ್ಲಿಂದಾನೇ ಬರ್ಬೇಕು. ಎರಡಕ್ಕೂ ಸಾಲಲ್ಲ. ಸಾಲುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ಅವನ ಮೇಜಿನ ಮೇಲೆ ಲೋಸಾಳ ಕಾಗದ ಇತ್ತು. ರೋವೆನಾ ಅದರತ್ತ ನೋಡದೆ ಹೊರಗೆ ಬಂದಳು.

ಲೋಸಾ ಊಟದ ಡಬ್ಬಿ ತೆರೆದಿಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ರೋವೆನಾ ಯಾಕೆ ಮಹಡಿಯಿಂದ ಮಹಡಿಗೆ ಓಡುತ್ತಿದ್ದಾಳೆಂದು ಅವಳಿಗೆ ಅರ್ಧ ಗೊತ್ತಾಗಿತ್ತು. ರೋವೆನಾ ಉಳಿದರ್ಧವನ್ನು ಹೇಳಿದಳು. ಚಿತ್ರವನ್ನೂ ತೋರಿಸಿದಳು.

ಲೋಸಾ ಬಹಳ ಹೊತ್ತು ಆ ಒಂದು ಏರುಗೆರೆಯನ್ನು ನೋಡುತ್ತಿದ್ದಳು. "ಇವತ್ತೇ ನೋಡ್ಬೇಕಿತ್ತಾ ನೀನು ಇದನ್ನ?" ಎಂದಳು. "ಸೋಮವಾರ ನೋಡಿದ್ರೆ ಆಗ್ತಿರ್ಲಿಲ್ವಾ?"

"ಸೋಮವಾರಕ್ಕೆ ಇದು ಇರ್ತಿರ್ಲಿಲ್ಲ."

"ಗೊತ್ತು! ಗೊತ್ತಿದ್ದೇ ಕೇಳ್ತಿದೀನಿ!" ಆಚೆ ಸಾಲಿನವರು ಹೆಡ್‌ಫೋನ್ ತೆಗೆದರು. "ನಾಲ್ಕು ವರ್ಷ, ರೋವೆನಾ. ನಾಲ್ಕು ವರ್ಷ ಇವರೆಲ್ಲರ ಕಸ ಗುಡಿಸಿದೀನಿ. ಇದು ನಿಮ್ಮದಾ, ಇದು ನಿಮ್ಮದಾ ಅಂತ ಬಾಗಿಲು ಬಾಗಿಲಿಗೆ ಹೋಗಿ ಭಿಕ್ಷುಕಿ ಥರ ಕೇಳಿದೀನಿ. ಒಬ್ಬ, ಒಬ್ಬನಾದ್ರೂ ಇವತ್ತು ಹೆಸರು ಕೊಟ್ನಾ? ಮುಖ್ಯ ಅಂತೆ, ಅಳಿಸ್ಬಾರದಂತೆ, ಯಾರಪ್ಪನ ದುಡ್ಡಲ್ಲಿ? ನನ್ನ ದುಡ್ಡಲ್ಲಿ!"

"ಹೌದು."

"ಹೌದು ಅನ್ಬೇಡ! ಜಗಳ ಆಡು!"

"ಯಾವ ಮುಖ ಇಟ್ಕೊಂಡು ಆಡ್ಲಿ? ನೀನು ಹೇಳ್ತಿರೋದೆಲ್ಲ ಸರಿ."

ಲೋಸಾ ಡಬ್ಬಿಯ ಮುಚ್ಚಳ ಹಾಕಿ ಒತ್ತಿದಳು, ಅದು ಕೂರಲಿಲ್ಲ, ಮತ್ತೆ ಒತ್ತಿದಳು. "ಅಮ್ಮಂಗೆ ಏನು ಹೇಳ್ಲಿ? ಚರ್ಚಲ್ಲಿ ಎಲ್ಲರಿಗೂ ಹೇಳ್ಬಿಟ್ಟಿದಾಳೆ."

"ನಾನು ಬಂದು ಹೇಳ್ತೀನಿ. ನನ್ನಿಂದ ಆಯ್ತು ಅಂತ."

"ಬೇಡ. ನೀನು ಬಂದ್ರೆ ಅವಳು ನಿನಗೆ ಊಟ ಹಾಕ್ತಾಳೆ, ನನಗೆ ಅದನ್ನ ನೋಡೋಕಾಗಲ್ಲ."

ಕೆಳಗೆ ನದಿಯಲ್ಲಿ ದೋಣಿಯೊಂದು ದಡಕ್ಕೆ ಬಂದು ಜನರನ್ನು ಇಳಿಸಿ ಹೋಯಿತು. ರೋವೆನಾ ಕೀಲಿಮಣೆಯ ಮೇಲೆ ಕೈ ಇಟ್ಟಳು, ತೆಗೆದಳು. ತನ್ನ ಹೆಸರು ಬರೆಯುವುದೆಂದರೆ ಲೋಸಾಳ ಹೆಸರು ಹೊಡೆದುಹಾಕುವುದೇ ಆಗಿತ್ತು, ಅದನ್ನು ಇವಳ ಕಣ್ಣೆದುರು ಮಾಡಲು ಅವಳ ಕೈ ಏಳುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಅಳಿಸುವ ಹೊತ್ತು ಹತ್ತಿರವಾಗುತ್ತಿತ್ತು.

ಲೋಸಾ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದಳು. ರೋವೆನಾಳನ್ನು ಭುಜದಿಂದ ಸರಿಸಿ, ಕೀಲಿಮಣೆ ತನ್ನತ್ತ ತಿರುಗಿಸಿಕೊಂಡು, ಮಾಲೀಕರು ಎಂಬಲ್ಲಿದ್ದ 'ಗ್ಯಾವ್' ಎಂಬುದನ್ನು ಅಳಿಸಿದಳು. ಆ ಜಾಗದಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು, ಲೋಸಾ ತುಯಿಮಾವೇ ಎಂದು. ಬರೆದು ಅದನ್ನೇ ನೋಡಿದಳು. ಆಮೇಲೆ ಒಂದೊಂದೇ ಅಕ್ಷರವಾಗಿ ಅದನ್ನೂ ಅಳಿಸಿದಳು.

"ನನ್ನ ಹೆಸರು ಹಾಕಿದ್ರೆ ಸೋಮವಾರ ಮತ್ತೆ ಮಾಲೀಕರಿಲ್ಲ ಅಂತಾಗುತ್ತೆ," ಎಂದಳು. "ನಿಂದೇ ಹಾಕು."

ಕೀಲಿಮಣೆಯನ್ನು ತಿರುಗಿಸಿ ಕೊಟ್ಟಳು. ರೋವೆನಾ ತನ್ನ ಹೆಸರು ಬರೆದು, ಪಕ್ಕದಲ್ಲಿ ಫೋನ್ ನಂಬರನ್ನೂ ಸೇರಿಸಿ, ಉಳಿಸು ಎಂಬುದನ್ನು ಒತ್ತಿದಳು. ಲೋಸಾಳ ಕಡೆ ತಿರುಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.